ಮಾವಿನಕೆರೆ ದಂಡೆಯ ತೋಪು

ನಮ್ಮ ಮಾವ ಮನೆಯಲ್ಲಿ ಮಾತಾಡುತ್ತಿರಲಿಲ್ಲ. ಸಿಟ್ಟೇನೂ ಇರಲಿಲ್ಲ. ಅತ್ತೆ ತೀರಿಕೊಂಡ ಮೇಲೆ ಮನೆಯೊಳಗೆ ಬಾಯಿ ತೆರೆಯಲು ಅವರಿಗೆ ಕಾರಣವೇ ಸಿಗಲಿಲ್ಲ, ಅಷ್ಟೆ. ಹಸಿವಾದರೆ ತಾಟಿನ ಮುಂದೆ ಬಂದು ಕೂರುವರು, ಸಾಕಾದರೆ ಎದ್ದು ಹೋಗುವರು. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ದಿನವಿಡೀ ಸಂಧಿ ಸಮಾಸ ಒದರಿ ಮನೆಗೆ ಬಂದರೆ ಅಲ್ಲಿ ಸದ್ದು ಮಾಡುತ್ತಿದ್ದುದು ಗೋಡೆಯ ಗಡಿಯಾರ ಒಂದೇ. ಗಂಡನದು ರೈಲಿನ ಕೆಲಸ. ಇವತ್ತು ಗುಂತಕಲ್ಲು, ನಾಳೆ ವಾಡಿ. ಹೀಗಾಗಿ ರಾಯಚೂರಿನ ಬಿಸಿಲಿಗೆ ಕಾದ ಆ ಮನೆಯಲ್ಲಿ ನಾನೂ ಮಾವನೂ ಎರಡು ಕಂಬಗಳ ಹಾಗೆ ಇದ್ದೆವು.

ಆದರೆ ಸಂಜೆ ಬಿಸಿಲು ಇಳಿಯುತ್ತಲೇ ಅವರು ರುಮಾಲು ಸುತ್ತಿಕೊಂಡು ಮಾವಿನಕೆರೆ ದಂಡೆಯ ಉದ್ಯಾನಕ್ಕೆ ಹೊರಡುತ್ತಿದ್ದರು. ಉದ್ಯಾನವೆಂದರೆ ನಾಲ್ಕು ಬೇವಿನ ಗಿಡ, ಒಂದಿಷ್ಟು ಕಣಗಿಲೆ, ನೀರು ಬಾರದ ಒಂದು ನಳ. ಹೆಸರು ಮಾವಿನಕೆರೆಯಾದರೂ ಸುತ್ತ ಹುಡುಕಿದರೆ ಒಂದು ಮಾವಿನ ಗಿಡವಿಲ್ಲ. ನಡುವೆ ಕಲ್ಲಿನ ಕಟ್ಟೆಯ ಮೇಲೆ ಸುಲ್ತಾನರ ಕಾಲದ ಒಂದು ತೋಪು. ಗುಂಡು ಹಾರಿಸುವ ಕಬ್ಬಿಣದ ತೋಪು, ಎರಡು ಮರದ ಗಾಲಿಗಳ ಮೇಲೆ ಕೆರೆಯತ್ತ ಬಾಯಿ ತೆರೆದು ನಿಂತದ್ದು.

ಆ ಕಟ್ಟೆಯ ಮೇಲೆ ಮಾವನ ಗೆಳೆಯರೊಬ್ಬರು ಮೊದಲೇ ಬಂದು ಕೂತಿರುತ್ತಿದ್ದರು. ಹತ್ತಿ ಬಜಾರದಲ್ಲಿ ಜೀವಮಾನವಿಡೀ ದಲಾಲಿ ಮಾಡಿ, ಹರಾಜು ಕೂಗಿ ಕೂಗಿ ಗಂಟಲು ಒಡೆದುಕೊಂಡವರು. ಎಲ್ಲರೂ ಅವರನ್ನು ದಲಾಲ ಸಾಹೇಬರು ಎನ್ನುತ್ತಿದ್ದೆವು. ಮನೆಯಲ್ಲಿ ದಖನಿ, ಬಜಾರಿನಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ಈ ಇಬ್ಬರು ಅಲ್ಲಿ ಕೂತು ದಿನವೂ ಒಂದೇ ವಿಷಯಕ್ಕೆ ಜಗಳಾಡುತ್ತಿದ್ದರು: ಆ ತೋಪು ಎಂದಾದರೂ ಹಾರಿತ್ತೇ, ಇಲ್ಲವೇ?

ಹಾರಿತ್ತು ಎನ್ನುವುದು ಮಾವನ ವಾದ. ತಾವು ಸಣ್ಣವರಿದ್ದಾಗ ಒಂದು ಮುಂಜಾನೆ ಢಂ ಎಂದ ಸಪ್ಪಳಕ್ಕೆ ಗೂಡಿನಲ್ಲಿಟ್ಟ ಹಿತ್ತಾಳೆ ತಂಬಿಗೆ ಉರುಳಿ ಬಿದ್ದದ್ದನ್ನು ಕಣ್ಣಾರೆ ಕಂಡಿದ್ದರಂತೆ.

“ಅದು ಗುಡುಗು,” ಎನ್ನುವರು ದಲಾಲ ಸಾಹೇಬರು. “ಈ ತೋಪು ಹುಟ್ಟಿದಾಗಿಂದ ಒಮ್ಮಿನೂ ಹಾರಿಲ್ಲ. ಝೂಟ್ ನಕ್ಕೋ ಬೋಲೊ.”

ಸುಳ್ಳು ಹೇಳಬೇಡ ಎಂಬ ಈ ದಖನಿ ಮಾತು ಅವರ ಬಾಯಲ್ಲಿ ತಾಂಬೂಲದ ಹಾಗೆ ಸದಾ ಇರುತ್ತಿತ್ತು.

“ಮ್ವಾಡ ಇದ್ದಿಲ್ಲ, ಮಳಿ ಇದ್ದಿಲ್ಲ, ಗುಡುಗು ಎಲ್ಲಿಂದ ಬರ್ತದ?” ಎಂದು ಮಾವ ತೊಡೆ ತಟ್ಟುವರು.

“ಹಂಗಾದ್ರ ತಂಬಿಗಿ ಬೆಕ್ಕು ಕೆಡವಿರಬೇಕು.”

ಊಟಕ್ಕೆ ಕರೆಯಲು ಹೋದಾಗಲೆಲ್ಲ ನಾನು ಇದನ್ನು ಕೇಳುತ್ತಿದ್ದೆ. ಮನೆಯಲ್ಲಿ ಉಪ್ಪು ಸಾಲದು ಎಂದು ಬಾಯಿ ಬಿಡದ ಮನುಷ್ಯ ಇಲ್ಲಿ ವಕೀಲರ ಹಾಗೆ ವಾದ ಮಾಡುತ್ತಿದ್ದರು. ನನಗೆ ಹೊಟ್ಟೆಕಿಚ್ಚೂ ಆಗುತ್ತಿತ್ತು, ಜೀವಕ್ಕೆ ಹಿತವೂ ಆಗುತ್ತಿತ್ತು.

ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ ತೋಪಿನ ಒಂದು ಗಾಲಿ ಮುರಿದು ಅದು ಮಗ್ಗುಲಿಗೆ ವಾಲಿತು. ಉದ್ಯಾನ ನೋಡಿಕೊಳ್ಳುವ ಕಚೇರಿಗೆ ಮೈಸೂರು ಕಡೆಯ ಅಧಿಕಾರಿಯೊಬ್ಬರು ಹೊಸದಾಗಿ ಬಂದಿದ್ದರು. ಒಂದು ಸಂಜೆ ಕಟ್ಟೆಯ ಬಳಿ ಬಂದು ನೋಡಿ, “ಇದು ಮಕ್ಕಳ ಮೇಲೆ ಬಿದ್ರೆ ಯಾರು ಗತಿ? ಮಳೆ ಹಿಡಿಯೋದ್ರೊಳಗೆ ಊರಿನೋರು ಯಾರಾದ್ರೂ ದುಡ್ಡು ಹಾಕಿ ರಿಪೇರಿ ಮಾಡಿಸ್ತೀರಾ ಅಂದ್ರೆ ಮಾಡಿಸಿ. ಇಲ್ಲಾಂದ್ರೆ ಲಾರಿ ತಂದು ಉಗ್ರಾಣಕ್ಕೆ ಎತ್ತಾಕಿಸ್ತೀನಿ,” ಎಂದರು. ಮನುಷ್ಯ ಕೆಟ್ಟವರಲ್ಲ. ಅವರ ಕಣ್ಣಿಗೆ ಅದು ಕಬ್ಬಿಣ.

ದಲಾಲ ಸಾಹೇಬರು ಧೈರ್ಯ ಮಾಡಿ, “ಹ್ವಾದ್ರ ಹೋಗ್ಲಿ, ಬ್ಯಾರೆ ಕಡಿ ಕುಂದರೂಣು,” ಎಂದರು. ಮರುದಿನ ಇಬ್ಬರೂ ಸ್ಟೇಷನ್ನಿನ ಬೆಂಚಿನ ಮೇಲೆ ಹೋಗಿ ಕೂತರು. ನಾನು ಹೋದಾಗ ಹೆಣ್ಣು ನೋಡಲು ಬಂದ ಬೀಗರ ಹಾಗೆ ಬಿಗಿದುಕೊಂಡು ಕೂತಿದ್ದರು. ಒಬ್ಬರು ಕೆಮ್ಮಿದರೆ ಇನ್ನೊಬ್ಬರು ಕೆಮ್ಮುವರು. ಮುಂಬಯಿಯ ಗಾಡಿ ಬಂತು, ಹೋಯಿತು. ಅದು ಬಂದಿತ್ತೇ ಇಲ್ಲವೇ ಎಂದು ಜಗಳಾಡುವಂತೆಯೂ ಇರಲಿಲ್ಲ, ಕಣ್ಣ ಮುಂದೆಯೇ ಬಂದು ಹೋಗಿತ್ತು.

ಆ ದಿನ ಊಟಕ್ಕೆ ಕೂತಾಗ ಮಾವ ಮನೆಯಲ್ಲಿ ಬಾಯಿ ಬಿಟ್ಟರು.

“ತೋಪು ಹ್ವಾದ್ರ ನಾ ಎಲ್ಲಿ ಕುಂದರ್ಲಿ?”

ನನ್ನ ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಉಳಿಯಿತು. ಅವರು ಕೇಳಿದ್ದು ಕೂರುವ ಜಾಗದ ಮಾತಲ್ಲ ಎಂದು ತಿಳಿಯಲು ನನಗೆ ವ್ಯಾಕರಣ ಬೇಕಾಗಿರಲಿಲ್ಲ. ತೋಪು ಹೋದರೆ ಈ ಮನುಷ್ಯ ಪೂರ್ತಿ ಮೂಕರಾಗುತ್ತಾರೆ. ನನಗೆ ಹೆದರಿಕೆಯಾಯಿತು.

“ಪಟ್ಟಿ ಎತ್ತೂಣು ಮಾವಾರ,” ಎಂದೆ. ಪಟ್ಟಿ ಎತ್ತುವುದೆಂದರೆ ನಮ್ಮಲ್ಲಿ ಚಂದಾ ಕೂಡಿಸುವುದು.

ರಾಯಚೂರಿನಲ್ಲಿ ಕೇಳಿ ನೋಡಿದೆವು. ಪಟ್ಟಣದ ಜನ ಬುದ್ಧಿವಂತರು, ಬಾಯಿತುಂಬ ಹೊಗಳಿ ಬರಿಗೈಯಲ್ಲಿ ಕಳಿಸಿದರು. ಕೋಟೆಯಲ್ಲಿ ಬೇಕಾದಷ್ಟು ಕಲ್ಲು ಕಬ್ಬಿಣ ಬಿದ್ದಿದೆ, ಅದಕ್ಕಿಲ್ಲದ ಆರೈಕೆ ಇದಕ್ಕೇಕೆ ಎಂದು ಒಬ್ಬರು. ತೋಪು ರಿಪೇರಿ ಮಾಡಿ ಯಾರ ಮೇಲೆ ಹಾರಿಸುವವರಿದ್ದೀರಿ ಎಂದು ಇನ್ನೊಬ್ಬರು. ಆಗ ಮಾವನಿಗೆ ಮಾನವಿ, ದೇವದುರ್ಗದ ನೆನಪಾಯಿತು. ಅವರು ಕಂದಾಯ ಇಲಾಖೆಯ ಗಿರದಾವರರಾಗಿ ಆ ಎರಡೂ ತಾಲೂಕುಗಳ ಹೊಲಗದ್ದೆ ತಿರುಗಿ ಪಹಣಿ ನೋಡಿದವರು. ಅಲ್ಲಿ ತಮ್ಮ ಮಾತಿಗೆ ಇನ್ನೂ ಬೆಲೆಯಿದೆ ಎಂಬ ನಂಬಿಕೆ. ಹಂಚಲು ಒಂದು ಕರಪತ್ರ ಬೇಕಾಯಿತು. ಬರೆಯುವ ಕೆಲಸ ಕನ್ನಡ ಪಂಡಿತಳಾದ ನನಗೆ ಬಂತು.

ಮೊದಲು ನಾನು ಬರೆದದ್ದು ‘ಫಿರಂಗಿ’ ಎಂದೇ. ಮಾವ ಓದಿ ಹೌಹಾರಿದರು.

“ಹಳ್ಯಾಗ ಫಿರಂಗಿ ಅಂದ್ರ ಒಂದು ಕೆಟ್ಟ ಬ್ಯಾನಿ ಹೆಸರು. ಆ ಬ್ಯಾನಿ ಉಳಸ್ರಿ ಅಂತ ಪಟ್ಟಿ ಎತ್ತಾಕ ಹ್ವಾದ್ರ ಕಾಲಾಗಿಂದು ಕೈಗಿ ತಗೋತಾರ.”

“ಸೀದಾ ತೋಪು ಅಂತ ಬರೀರಿ,” ಎಂದರು ದಲಾಲ ಸಾಹೇಬರು. “ಎಲ್ಲಾರಿಗೂ ತಿಳೀತದ.”

ಹಾಗೆಯೇ ಬರೆದೆ. ‘ಮಾವಿನಕೆರೆ ದಂಡೆಯ ಉದ್ಯಾನದಲ್ಲಿ ನಮ್ಮ ಹಿರಿಯರು ಬಿಟ್ಟುಹೋದ ತೋಪು ಹಾಳಾಗುತ್ತಿದೆ. ಕೈಲಾದದ್ದನ್ನು ಕೊಟ್ಟು ಅದನ್ನು ಉಳಿಸಿ.’ ಇಷ್ಟೇ. ಒಂದು ಅಕ್ಷರ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಆ ಕರಪತ್ರದ ಬಗ್ಗೆ ಆಮೇಲೆ ಜನ ಏನೇನೋ ಆಡಿಕೊಂಡರು. ಅದರಲ್ಲಿ ಒಂದೂ ತಪ್ಪಿರಲಿಲ್ಲ ಎಂದು ಈಗಲೂ ಹೇಳುತ್ತೇನೆ.

ಬೇಸಿಗೆ ರಜೆಯಲ್ಲಿ ಮೂವರೂ ಬಸ್ಸು ಹತ್ತಿದೆವು. ಮಾನವಿಯ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ನಾನು ಕರಪತ್ರ ಓದಿದರೆ ಜನ ಎದ್ದು ನಿಂತು ಕೇಳಿದರು. ಚೀಕಲಪರ್ವಿಯ ಒಬ್ಬ ರೈತ ಬಸಿಯಲ್ಲಿದ್ದ ಚಹಾ ಆರಿಹೋಗುವವರೆಗೆ ಕೇಳಿ, ಉಸಿರು ಬಿಟ್ಟು, “ಇಂಥಾದ್ದು ಹಾಳಾಗಬಾರದ್ರೀ. ಮಿರಗಾ ಮಳಿ ಬೀಳ್ಲಿ, ನಾನಾ ಖುದ್ದು ತರ್ತೀನಿ,” ಎಂದ. ತೋಪಿಗೆ ಹಣ ಕೊಡಲು ಮೃಗಶಿರಾ ಮಳೆಯನ್ನೇಕೆ ಕಾಯಬೇಕು ಎಂದು ನನಗೆ ತಿಳಿಯಲಿಲ್ಲ. ರೈತರ ಕೈಯಲ್ಲಿ ಬೇಸಿಗೆಯಲ್ಲಿ ದುಡ್ಡೆಲ್ಲಿಂದ ಬರಬೇಕು ಎಂದು ನಾನೇ ಸಮಾಧಾನ ಮಾಡಿಕೊಂಡೆ. ಕವಿತಾಳದ ಅಂಗಡಿಕಾರರೂ ಇದನ್ನೇ ಹೇಳಿದರು: ಮಳೆ ಬೀಳಲಿ.

ದೇವದುರ್ಗದ ಸಂತೆಯಲ್ಲಿ ಮೆಣಸಿನಕಾಯಿ ರಾಶಿಯ ಹಿಂದೆ ಗೂಗಲ್ ಹಳ್ಳಿಯ ಕಡೆಯ ಒಬ್ಬ ಮುದುಕಿ ಕೂತಿದ್ದಳು. ನಾನು ಓದಿದ್ದನ್ನು ಕೇಳಿ ಮಾವನತ್ತ ತಿರುಗಿದಳು.

“ಎಷ್ಟು ವರ್ಷದ್ದು ಯಪ್ಪಾ ನಿಮ್ಮ ತೋಪು?”

“ನಮ್ಮ ಮುತ್ಯಾನ ಮುತ್ಯಾಗಿಂತ ಹಿಂದಿಂದು.”

“ಈಗ ಏನಾಗ್ಯದ ಅದಕ್ಕ?”

“ತುಕ್ಕು ಹಿಡದದ. ಮಗ್ಗಲಕ್ಕ ವಾಲ್ಯದ,” ಎಂದರು ಮಾವ.

“ಹ್ವಾದ ವರ್ಷ ನಮ್ಮ ಜ್ವಾಳಕ್ಕೂ ತುಕ್ಕು ಬಿದ್ದಿತ್ತು,” ಎಂದು ಮುದುಕಿ ಮರುಗಿದಳು. “ಮೊದಲು ಬಿಡ್ತಿತ್ತೇನು?”

“ಬಿಟ್ಟಿತ್ತು. ನಾ ಸಣ್ಣಾಂವಿದ್ದಾಗ ಒಮ್ಮಿ ಬಿಟ್ಟಿತ್ತು. ಕಿವಿಲೇ ಕೇಳೀನಿ.”

“ಹುಟ್ಟಿದಾಗಿಂದ ಒಮ್ಮಿನೂ ಬಿಟ್ಟಿಲ್ಲ,” ಎಂದರು ದಲಾಲ ಸಾಹೇಬರು. “ಝೂಟ್ ನಕ್ಕೋ ಬೋಲೊ.”

“ಇಡೀ ಊರಿಗಿ ಸಪ್ಪಳ ಕೇಳಿತ್ತು ಯವ್ವಾ.”

“ಅಷ್ಟು ಉದುರಿದ್ದವೇನು?” ಮುದುಕಿಯ ಕಣ್ಣು ಅಗಲವಾಯಿತು. ಆಮೇಲೆ ಇಬ್ಬರನ್ನೂ ನೋಡಿ ಕೈಯೆತ್ತಿದಳು. “ನೀವು ಬಡದಾಡಬ್ಯಾಡ್ರಿ. ಬಿಟ್ಟಿರಲಿ, ಬಿಡಲಾರದಿರಲಿ, ಹಿರೇರು ಹಚ್ಚಿದ್ದನ್ನ ಒಣಗಿಸಬಾರದು. ಮಳಿ ಬಿದ್ದಮ್ಯಾಲ ನಾನೂ ಬರ್ತೀನಿ.”

ಹಚ್ಚಿದ್ದು ಎಂದರೆ ತೋಪಿನ ಬತ್ತಿಗೆ ಬೆಂಕಿ ಹಚ್ಚಿದ್ದು ಎಂದು ನಾನು ತಿಳಿದೆ. ಒಣಗಿಸಬಾರದು ಎಂದದ್ದು ಮಾತ್ರ ಯಾಕೋ ವಿಚಿತ್ರವಾಗಿ ಕೇಳಿಸಿತು. ಪಾಪ, ಬಿಸಿಲಿನಲ್ಲಿ ಮೆಣಸಿನಕಾಯಿ ಮಾರಿ ಮಾರಿ ಮುದುಕಿಗೆ ಹೀಗಾಗಿದೆ ಎಂದುಕೊಂಡೆ.

ಬರಿಗೈಯಲ್ಲಿ ಊರಿಗೆ ಬಂದೆವು. ರೋಹಿಣಿ ಮಳೆ ಸುಳ್ಳಾಯಿತು, ಮಿರಗಾ ಮಳೆ ಬಿತ್ತು. ಜೂನ್ ಮುಗಿಯುತ್ತ ಬಂದಾಗ, ನಾಳೆ ಲಾರಿ ಬರುತ್ತದೆ ಎಂದು ಅಧಿಕಾರಿ ಹೇಳಿ ಕಳಿಸಿದರು. ಮಾವ ಅಂದು ಊಟಕ್ಕೆ ಏಳಲಿಲ್ಲ.

ಮರುದಿನ ಮುಂಜಾನೆ ನಾವು ಮೂವರೂ ಕಟ್ಟೆಯ ಮೇಲೆ ಕೂತು ಲಾರಿಯ ದಾರಿ ಕಾಯುತ್ತಿದ್ದೆವು. ಲಾರಿಗಿಂತ ಮೊದಲು ಬಂದದ್ದು ಚೀಕಲಪರ್ವಿಯ ಬಂಡಿ. ಬಂಡಿಯ ತುಂಬ ಮಾವಿನ ಸಸಿ. ಹಿಂದೆಯೇ ಮಾನವಿಯ ಬಸ್ಸಿನ ತಲೆಯ ಮೇಲೆ ಬಂದ ಗೊಬ್ಬರದ ಚೀಲಗಳನ್ನು ಹೊತ್ತು ನಾಲ್ಕಾರು ಜನ. ಕವಿತಾಳದವರು ಬಾವಿಯ ಹಗ್ಗ, ಕೊಡ ಕಳಿಸಿದ್ದರು. ಯಾರೋ ಒಬ್ಬ ಪುಣ್ಯಾತ್ಮ ಹಕ್ಕಿ ಓಡಿಸಲು ಒಂದು ಬೆದರುಬೊಂಬೆ ಕೊಟ್ಟಿದ್ದ. ಗೂಗಲ್ಲಿನ ಮುದುಕಿ ಕೃಷ್ಣೆಯ ದಂಡೆಯ ಮಣ್ಣನ್ನು ಬುಟ್ಟಿಯಲ್ಲಿ ತುಂಬಿಕೊಂಡು ತಾನೇ ಇಳಿದು ಬಂದಳು.

“ತೋಪು ಎಲ್ಲಿ ಅದರೀ?” ಎಂದ ಚೀಕಲಪರ್ವಿಯ ರೈತ, ಸುತ್ತ ಕಣ್ಣಾಡಿಸಿ.

“ಇದಾ,” ಎಂದರು ಮಾವ, ಹೆಮ್ಮೆಯಿಂದ ಕಬ್ಬಿಣವನ್ನು ತಟ್ಟಿ.

“ಅದಲ್ರೀ. ಮಾವಿನ ತೋಪು.”

ನನಗೆ ಆಗ ತಲೆಗೆ ಹೋಯಿತು. ಊರಿನ ಬಾಯಲ್ಲಿ, ಅದರಲ್ಲೂ ದಖನಿ ಬಲ್ಲವರ ಬಾಯಲ್ಲಿ, ತೋಪು ಎಂದರೆ ಗುಂಡು ಹಾರಿಸುವುದು. ಹಳ್ಳಿಯವರಿಗೆ ಅದು ಗಿಡಗಳ ಗುಂಪು, ಆಚೆ ಸೀಮೆಯ ತೆಲುಗರು ಅನ್ನುವುದೂ ಹಾಗೆಯೇ. ಅದೂ ಮಾವಿನಕೆರೆ ದಂಡೆಯ ತೋಪು ಎಂದು ಬರೆದ ಮೇಲೆ ಯಾರು ತಾನೇ ಫಿರಂಗಿಯನ್ನು ನೆನೆಯುತ್ತಾರೆ? ಎರಡೂ ಅರ್ಥ ಸರಿ, ಬೇಕಾದರೆ ನಿಘಂಟು ತೆಗೆದು ನೋಡಿ.

“ಈ ಕಬ್ಬಿಣಕ್ಕ ಗೊಬ್ಬರ ಹಾಕಾಕ ನಾವು ಹಗಲು ರಾತ್ರಿ ಬಂಡಿ ಹೊಡಕೊಂಡು ಬಂದ್ವೇನು?” ಎಂದು ರೈತ ಕೆಂಪಾದ. ಮಾವ ನೆಲ ನೋಡಿದರು. ಮುದುಕಿ ಮಾತ್ರ ಬುಟ್ಟಿ ಇಳಿಸಿ ತೋಪಿನ ಬಾಯೊಳಗೆ ಇಣುಕಿ ನೋಡಿ, ಹೊಟ್ಟೆ ಹಿಡಿದುಕೊಂಡು ನಗಲು ಸುರುಮಾಡಿದಳು. “ಬಿಡಲಿಲ್ಲ, ಬಿಡಲಿಲ್ಲ ಅಂದ್ರಲ್ಲ. ಇದು ಎಲ್ಲಿಂದ ಬಿಟ್ಟೀತು ಯಪ್ಪಾ?” ನಕ್ಕು ಮುಗಿಸಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. “ಹಚ್ಚಾಕಂತ ಮನಿ ದಾಟಿಸಿದ ಸಸಿ ಹೊಳ್ಳಿ ಮನಿಗಿ ಒಯ್ಯಬಾರದು. ಗುದ್ದಲಿ ತಗೀರಿ.”

ಅದು ಅವರ ಕಡೆಯ ಪದ್ಧತಿ. ರೈತನೂ ಗೊಣಗುತ್ತಲೇ ಗುದ್ದಲಿ ಎತ್ತಿಕೊಂಡ. ಕಟ್ಟೆಯ ಸುತ್ತ ಮೆತ್ತಗಾದ ನೆಲ ಕಂಡದ್ದೇ ಅಲ್ಲಿ ಗುಂಡಿ ತೋಡಲು ಹತ್ತಿದರು. ಅಷ್ಟರಲ್ಲಿ ಲಾರಿ ಬಂತು, ಸರಪಳಿ ಬಂತು, ಅಧಿಕಾರಿಯೂ ಇಳಿದರು.

“ಏನ್ರೀ ಇದು? ಏನ್ ಮಾಡ್ತಿದೀರಾ?”

“ತೋಪು ಉಳಸಾಕತ್ತೀವ್ರಿ,” ಎಂದಳು ಮುದುಕಿ.

ಮೈಸೂರು ಕಡೆಯವರಿಗೆ ತೋಪು ಎಂದರೆ ಮಾವಿನ ತೋಪೇ. ಅಧಿಕಾರಿಯ ಮುಖ ಅರಳಿದ್ದನ್ನು ನಾನು ಕಣ್ಣಾರೆ ಕಂಡೆ. ಅದು ವನಮಹೋತ್ಸವದ ಕಾಲ. ಆ ವಾರವೇ ಮೇಲಿನ ದೊಡ್ಡ ಸಾಹೇಬರು ಸಸಿ ನೆಡಲು ಬರುವವರಿದ್ದರು; ಬರಬೇಕಾದ ಸಸಿಗಳು ಎಲ್ಲೋ ಗಾಡಿಯಲ್ಲಿ ಒಣಗಿ ಕಡ್ಡಿಯಾಗಿದ್ದವು. ಅಧಿಕಾರಿ ತೋಪು ಒಯ್ಯಲು ಬಂದ ಲಾರಿಯನ್ನು ಹಾಗೇ ತಿರುಗಿಸಿ ಪೆಂಡಾಲಿನ ಕಂಬ, ಕುರ್ಚಿ ತರಲು ಅಟ್ಟಿದರು. ಅರ್ಧ ಗುಂಡಿಗಳನ್ನು ಸಾಹೇಬರಿಗೆಂದು ಮೀಸಲಿಡಿ ಎಂದು ಕೈಮುಗಿದು ಕೇಳಿಕೊಂಡರು.

ದೊಡ್ಡ ಸಾಹೇಬರು ಬಂದರು. ನೆಟ್ಟರು. ವಾಲಿದ ಫಿರಂಗಿಗೆ ಬೆನ್ನು ಕೊಟ್ಟು ನಿಂತು, ಈ ಪುರಾತನ ತೋಪು ಮತ್ತೆ ಚಿಗುರಲಿ, ಇದರ ಫಲ ಮನೆಮನೆಗೂ ಬೀಳಲಿ ಎಂದು ಭಾಷಣ ಮಾಡಿದರು. ಫಿರಂಗಿಯ ಬಾಯಿ ಸೀದಾ ಅವರ ತಲೆಯ ಮೇಲಿತ್ತು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವರು ಮಾವ. ಬೆದರುಬೊಂಬೆಯನ್ನು ಯಾರೋ ಅವಸರದಲ್ಲಿ ಪೆಂಡಾಲಿನ ಹಿಂದೆ ನಿಲ್ಲಿಸಿದ್ದರು. ಕುರ್ಚಿ ಸಾಲದೆ ನಿಂತ ಯಾರೋ ಹಿರಿಯರೆಂದು ತಿಳಿದು ಒಬ್ಬ ಜವಾನ ಅದರ ಮುಂದೆ ಚಹಾ ಹಿಡಿದು ಒಂದು ಕ್ಷಣ ನಿಂತಿದ್ದ.

ಅಲ್ಲಿಂದ ಮುಂದೆ ತೋಪನ್ನು ಮುಟ್ಟುವ ಮಾತೇ ಹೋಯಿತು. ಕಟ್ಟೆಯ ಸುತ್ತ ಒಂದರ ಪಕ್ಕ ಒಂದು ಸಸಿ, ಸುತ್ತ ಜಾಲಿ ಮುಳ್ಳು. ಸಾಹೇಬರು ಸ್ವಹಸ್ತದಿಂದ ನೆಟ್ಟ ಸಸಿಯ ಮೇಲೆ ಲಾರಿ ಓಡಿಸುವ ಧೈರ್ಯ ಯಾರಿಗಿದೆ? ನಾವು ಎತ್ತಿದ ಪಟ್ಟಿಯಲ್ಲಿ ಒಂದು ಪೈಸೆ ಕೂಡಲಿಲ್ಲ, ಆದರೂ ತೋಪು ಉಳಿಯಿತು.

ಗಾಲಿಯ ಕೊರತೆಯನ್ನೂ ಚೀಕಲಪರ್ವಿಯ ರೈತನೇ ತುಂಬಿದ. ಸಸಿ ಹತ್ತಿದವೋ ಇಲ್ಲವೋ ನೋಡಲು ಬಂದವನು ತನ್ನ ಹಳೆಯ ಬಂಡಿಯ ಎರಡು ಗಾಲಿ ತಂದು, “ಎತ್ತು ಮಾರೀನಿ, ಮನ್ಯಾಗ ಬಿದ್ದಿದ್ದವು,” ಎಂದು ಇಳಿಸಿ ಹೋದ. ಒಬ್ಬ ಕಮ್ಮಾರ ಬಂದು ಅವನ್ನು ಕೂಡಿಸಿ ತೋಪನ್ನು ನೆಟ್ಟಗೆ ನಿಲ್ಲಿಸಿದ. ಬಂಡಿಯ ಗಾಲಿ ಎತ್ತರವಾದ್ದರಿಂದ ತೋಪು ಕೆರೆ ಬಿಟ್ಟು ಆಕಾಶಕ್ಕೆ ಮುಖ ಮಾಡಿತು. ಕೆಲಸ ಮುಗಿಸಿ ಬೆವರು ಒರೆಸಿಕೊಳ್ಳುತ್ತ ಆತ, “ಒಳಗ ಕೆರೆದು ನೋಡ್ಲೇನ್ರಿ? ಮಸಿ ಇದ್ದರ ಹಾರ್ಯದ, ಇಲ್ಲಂದ್ರ ಇಲ್ಲ. ನಿಮ್ಮ ಜಗಳ ಮುಗೀತದ,” ಎಂದ.

“ಬ್ಯಾಡ,” ಎಂದರು ಇಬ್ಬರೂ ಒಟ್ಟಿಗೇ. ಜೀವಮಾನದಲ್ಲಿ ಅವರಿಬ್ಬರೂ ಒಪ್ಪಿದ್ದು ಆ ಒಂದು ಮಾತಿಗೆ ಎಂದು ಕಾಣುತ್ತದೆ. ಕಮ್ಮಾರ ಸಾಮಾನು ಕಟ್ಟಿಕೊಂಡು ಹೋದ.

ಎಂಬತ್ತರ ದಶಕದಲ್ಲಿ ಗಿಡಗಳು ತಲೆಯೆತ್ತರಕ್ಕೆ ಬಂದವು. ಕಟ್ಟೆಯ ಮೇಲೆ ನೆರಳು ಬಿತ್ತು. ನೆರಳಿನಲ್ಲಿ ಜಗಳ ಇನ್ನೂ ಚೆನ್ನಾಗಿ ನಡೆಯುತ್ತಿತ್ತು. ಮನೆಯಲ್ಲಿ ಮಾವ ಎಂದಿನಂತೆ ಮೌನ. ನನಗೆ ಅದರ ಚಿಂತೆ ಹೋಗಿತ್ತು, ಮಾತು ಎಲ್ಲಿ ಖರ್ಚಾಗುತ್ತಿದೆ ಎಂದು ಗೊತ್ತಿತ್ತಲ್ಲ. ಗಿಡಗಳು ಮೊದಲ ಸಲ ಕಾಯಿ ಬಿಟ್ಟ ಬೇಸಿಗೆಯಲ್ಲಿ ದಲಾಲ ಸಾಹೇಬರು ತೀರಿಕೊಂಡರು. ಮಾವ ಮಣ್ಣಿಗೆ ಹೋಗಿ ಬಂದರು. ಬಂದವರು ರುಮಾಲು ಗೂಟಕ್ಕೆ ಹಾಕಿದರು, ಮತ್ತೆ ಅದನ್ನು ಮುಟ್ಟಲಿಲ್ಲ. ಸಂಜೆಯಾದರೆ ಬಾಗಿಲ ಕಡೆ ಬೆನ್ನು ಮಾಡಿ ಕೂರುವರು. ನಾನು ಒಳಗೆ ರೊಟ್ಟಿ ಬಡಿಯುತ್ತ ಅಳುತ್ತಿದ್ದೆ. ಬಡಿಯುವ ಸಪ್ಪಳದಲ್ಲಿ ಅಳು ಕೇಳುವುದಿಲ್ಲ.

ಒಂದು ಸಂಜೆ ತಡೆಯಲಾರದೆ ರುಮಾಲು ತಂದು ಅವರ ಕೈಗೆ ಕೊಟ್ಟು, “ಏಳ್ರಿ ಮಾವಾರ,” ಎಂದೆ. ಎದ್ದರು. ಉದ್ಯಾನದಲ್ಲಿ ಅವರು ತಮ್ಮ ಜಾಗದಲ್ಲಿ ಕೂರಲಿಲ್ಲ. ಗೆಳೆಯ ಕೂರುತ್ತಿದ್ದ ಕಡೆ ಹೋಗಿ ಕೂತರು. ದೇವದುರ್ಗದ ಕಡೆಯ ಒಂದು ಸಂಸಾರ ಅಲ್ಲಿ ಬುತ್ತಿ ಬಿಚ್ಚಿಕೊಂಡು ಕೂತಿತ್ತು. ಅದರಲ್ಲಿದ್ದ ಗಂಡಸು ಆಕಾಶ ನೋಡುತ್ತಿದ್ದ ತೋಪನ್ನು ಕಂಡು, “ಯಪ್ಪಾ, ಇದು ಎಂದರ ಹಾರಿತ್ತೇನು?” ಎಂದು ಕೇಳಿದ.

ಮಾವ ಕಟ್ಟೆಯ ಕಲ್ಲನ್ನು ಕೈಯಿಂದ ಸವರುತ್ತ ಕೂತರು. ಮುಗಿಯಿತು, ಇನ್ನು ಇವರು ಮಾತಾಡುವುದಿಲ್ಲ ಎಂದುಕೊಂಡೆ.

“ಇಲ್ಲ,” ಎಂದರು ಆಮೇಲೆ. “ಹುಟ್ಟಿದಾಗಿಂದ ಒಮ್ಮಿನೂ ಹಾರಿಲ್ಲ.”

“ಮಾವಾರ, ನೀವಾ ಸಪ್ಪಳ ಕೇಳಿದ್ರಲ್ಲ?”

“ಅದು ಗುಡುಗು.”

“ತಂಬಿಗಿ ಬಿದ್ದಿತ್ತಲ್ಲ?”

“ಬೆಕ್ಕು ಕೆಡವಿರಬೇಕು.”

ಕಟ್ಟೆಯ ಮೇಲೆ ಮಾವನ ಜಾಗ ಬರಿದಾಗಿತ್ತು. ನಾನು ಹೋಗಿ ಅಲ್ಲಿ ಕೂತೆ. ಸೊಸೆಯಾದವಳು ಮಾವನ ಎದುರು ಹಾಗೆ ಕೂರುವುದು ನಮ್ಮಲ್ಲಿ ಇಲ್ಲ. ಕೂತು, ಗಂಟಲು ಸರಿಮಾಡಿಕೊಂಡು, ತೊಡೆ ತಟ್ಟಿದೆ.

“ಮ್ವಾಡ ಇದ್ದಿಲ್ಲ, ಮಳಿ ಇದ್ದಿಲ್ಲ, ಗುಡುಗು ಎಲ್ಲಿಂದ ಬರ್ತದ?”

ಮಾವ ನಿಧಾನವಾಗಿ ನನ್ನ ಕಡೆ ತಿರುಗಿದರು. ಕಣ್ಣು ತುಂಬಿತ್ತು.

“ಝೂಟ್ ನಕ್ಕೋ ಬೋಲೊ,” ಎಂದರು.